ಬಡಗಿಯ ಬೆರಳಿಗೊಂದು ಜಾರುಹಲಗೆ

(ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಒಂದು. ಸಲಕರಣೆಗಳಿಗೆ ರೂ. 15,000ದವರೆಗೆ ನೆರವುಂಟು. ಅರ್ಜಿಗಳ ಮೊದಲ ಹಂತದ ಪರಿಶೀಲನೆ ಗ್ರಾಮ ಪಂಚಾಯಿತಿಯಲ್ಲೇ ನಡೆಯುತ್ತದೆ. ಆದುದರಿಂದ ಬಡಗಿಯ ಅರ್ಜಿಯೊಡನೆ ಆತನ ಬೆರಳುಗಳ ಕ್ಷೇಮವನ್ನೂ ನಾವು ಚಿಂತಿಸಬೇಕಾಗಿದೆ.

ಮೇಜಿನ ಗರಗಸದಲ್ಲಿ ಮರವನ್ನು ಅಡ್ಡಲಾಗಿ ಕೊಯ್ಯುವಾಗ ಬರಿಗೈಯಲ್ಲಿ ಹಿಡಿದ ತುಂಡು ಕೊಂಚ ತಿರುಗಿದರೂ ಸಾಕು, ಚಕ್ರದ ಹಿಂಬದಿಯ ಹಲ್ಲು ಅದನ್ನು ಮೇಲೆತ್ತಿ ಕೊಯ್ಯುವವನತ್ತ ಎಸೆಯುತ್ತದೆ. ಕೈ ಚಕ್ರದತ್ತ ಜಾರುತ್ತದೆ. ಸ್ವಂತ ಅಂಗಡಿಯ ಬಡಗಿಗೆ ಸಂಬಳ ಸಹಿತ ರಜೆಯಿಲ್ಲ; ಬೆರಳು ಹೋದರೆ ಕಸುಬೇ ಹೋದಂತೆ.

ಇದಕ್ಕೆ ಪರಿಹಾರ ಕ್ರಾಸ್‌ಕಟ್ ಸ್ಲೆಡ್, ಅಂದರೆ ಜಾರುಹಲಗೆ. ಉಳಿಕೆ ಪ್ಲೈವುಡ್ಡಿನಿಂದ ಬಡಗಿಯೇ ಇದನ್ನು ಮಾಡಿಕೊಳ್ಳಬಹುದು. 12 ಮಿ.ಮೀ. ಪ್ಲೈವುಡ್ಡಿನ ತಳಹಲಗೆಯ ಅಡಿಯಲ್ಲಿ ಗಟ್ಟಿಮರದ ಎರಡು ಪಟ್ಟಿಗಳಿರಬೇಕು. ಅವು ಮೇಜಿನ ಗಾಡಿಗಳಲ್ಲಿ ಅಲುಗಾಡದೆ, ಸಿಕ್ಕಿಕೊಳ್ಳದೆ ಜಾರಬೇಕು. ಮೇಣ ಸವರಿದರೆ ಸಲೀಸು. ಗಾಡಿಯಿಲ್ಲದ ಕಬ್ಬಿಣದ ಮೇಜಾದರೆ, ಅದರ ಎರಡೂ ಹೊರ ಅಂಚುಗಳು ಚಕ್ರಕ್ಕೆ ಸಮಾನಾಂತರವಾಗಿವೆಯೇ ಎಂದು ನೋಡಿ, ಪಟ್ಟಿಗಳನ್ನು ಆ ಅಂಚುಗಳಿಗೆ ತಾಗಿಸಬೇಕು.

ಹಲಗೆಯ ಮುಂದೆ ಮತ್ತು ಹಿಂದೆ ಒಂದೊಂದು ಎತ್ತರದ ಆಸರೆಪಟ್ಟಿ ಬೇಕು. ಚಕ್ರವು ಹಲಗೆಯನ್ನು ಸೀಳಿದ ಮೇಲೆ ಎರಡು ಭಾಗಗಳನ್ನು ಹಿಡಿದಿಡುವುದು ಇವೇ. ಬಡಗಿಯ ಬದಿಯ ಪಟ್ಟಿ ಚಕ್ರಕ್ಕೆ 90 ಡಿಗ್ರಿಯಲ್ಲಿರಬೇಕು. ಮೊದಲು ಅದರ ಒಂದು ತುದಿಗೆ ತಿರುಪು ಹಾಕಿ, ಇನ್ನೊಂದು ತುದಿಯನ್ನು ಕ್ಲ್ಯಾಂಪಿನಿಂದ ಮಾತ್ರ ಹಿಡಿಸಬೇಕು.

ಆ ಬಳಿಕ ಐದು ಕೊಯ್ತದ ಪರೀಕ್ಷೆ. ಚೌಕದ ತುಂಡಿನ ನಾಲ್ಕೂ ಬದಿಗಳನ್ನು ಸರದಿಯಂತೆ ಕೊಯ್ಯಬೇಕು. ಪ್ರತಿ ಸಲವೂ ಈಗಷ್ಟೇ ಕೊಯ್ದ ಅಂಚು ಆಸರೆಪಟ್ಟಿಗೆ ತಾಗಿರಬೇಕು. ಐದನೆಯ ಸಲ ಮೊದಲ ಬದಿಯಿಂದಲೇ ತೆಳುಪಟ್ಟಿಯೊಂದನ್ನು ಕೊಯ್ದು, ಅದರ ಎರಡೂ ತುದಿಗಳ ಅಗಲವನ್ನು ಅಳೆಯಬೇಕು. 400 ಮಿ.ಮೀ. ಉದ್ದದ ಪಟ್ಟಿಯಲ್ಲಿ ವ್ಯತ್ಯಾಸ 0.4 ಮಿ.ಮೀ. ಇದ್ದರೆ, ನಾಲ್ಕರಿಂದ ಭಾಗಿಸಿದಾಗ ಬರುವ 0.1 ಮಿ.ಮೀ. ಆ ಉದ್ದಕ್ಕೆ ನಿಜವಾದ ಓರೆ. ಮೂಲೆಮಟ್ಟದ ಕಣ್ಣಿಗೆ ಬೀಳದ ತಪ್ಪನ್ನು ಇದು ನಾಲ್ಮಡಿಯಾಗಿ ತೋರಿಸುತ್ತದೆ. ಓರೆ ತಿದ್ದಿದ ಮೇಲೆಯೇ ಎರಡನೆಯ ತಿರುಪು.

ಕೊನೆಯ ಮೂರು ಅಂಶಗಳನ್ನು ಬಿಡಲಾಗದು. ಚಕ್ರ ಹೊರಬರುವ ಕಡೆ, ಆಸರೆಪಟ್ಟಿಯ ಹಿಂದೆ ದಪ್ಪ ಮರದ ದಿಮ್ಮಿಯೊಂದನ್ನು ಅಂಟಿಸಬೇಕು. ಹೆಬ್ಬೆರಳಿಗೆ ಅದೇ ಕವಚ. ಚಕ್ರ ಆ ದಿಮ್ಮಿಯನ್ನು ದಾಟದಂತೆ ಮೇಜಿಗೆ ತಡೆಯಿರಬೇಕು. ಕೊಯ್ದ ತುಂಡನ್ನು ಮೋಟಾರು ಪೂರ್ತಿ ನಿಂತ ಮೇಲೆಯೇ ತೆಗೆಯಬೇಕು.

ಸದಸ್ಯರಲ್ಲಿ ನನ್ನ ವಿನಂತಿ ಎರಡು. ಅರ್ಜಿ ಪರಿಶೀಲನೆಗೆ ಬಡಗಿಯ ಅಂಗಡಿಗೆ ಹೋದಾಗ ಜಾರುಹಲಗೆ ಇದೆಯೇ ಎಂದು ವಿಚಾರಿಸಿರಿ; ಇಲ್ಲವೆಂದು ಅರ್ಜಿಯನ್ನು ತಡೆಯದೆ, ಮಾಡಿಕೊಳ್ಳಲು ತಿಳಿಹೇಳಿರಿ. ಹಾಗೆಯೇ ನಿಮ್ಮ ಊರಿನ ಅನುಭವಿ ಬಡಗಿಯೊಬ್ಬರಿಂದ ಗ್ರಾಮಸಭೆಯ ದಿನ ಇದರ ಪ್ರಾತ್ಯಕ್ಷಿಕೆ ಮಾಡಿಸಿರಿ. ಓರೆಯಿಲ್ಲದ ಕೊಯ್ತದಿಂದ ಅಂಗನವಾಡಿಯ ಮೇಜು ಅಲುಗಾಡದೆ ನಿಲ್ಲುತ್ತದೆ. ಅದನ್ನು ಮಾಡಿದ ಕೈಯೂ ಊನವಾಗದೆ ಉಳಿಯುತ್ತದೆ.