ಕಾಡಿನಲ್ಲಿ ರಾತ್ರಿ ತಂಗುವ ಮುನ್ನ

ಶನಿವಾರ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಕಾರುಗಳು ದಾಂಡೇಲಿಯತ್ತ ಹೊರಡುತ್ತವೆ. ಅಲ್ಲಿಂದ ಮುಂದೆ, ಕುಳಗಿಯಲ್ಲಿ ಅರಣ್ಯ ಇಲಾಖೆಯದೇ ಡೇರೆಗಳ ಶಿಬಿರವಿದೆ. ಸುತ್ತಲಿನದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅಣಶಿ ರಾಷ್ಟ್ರೀಯ ಉದ್ಯಾನವೂ ಅದರೊಳಗೇ. ಹೀಗಾಗಿ ಕಂಡ ಬಯಲಲ್ಲೆಲ್ಲ ಡೇರೆ ಹೊಡೆಯುವಂತಿಲ್ಲ.

ಶಿಬಿರದಲ್ಲೂ ಎಚ್ಚರ ಬೇಕು. ತಿಂದು ಉಳಿದ ಗಿರಮಿಟ್ಟು, ಮಿರ್ಚಿ ಡೇರೆಯೊಳಗಿಟ್ಟರೆ ರಾತ್ರಿ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಬೆಳಗ್ಗೆ ಬೂಟು ಕೊಡವಿಯೇ ಕಾಲು ಹಾಕಿ.

ಕಾಳಿ ಹೊಳೆಯದು ಬೇರೆಯೇ ಕಥೆ. ಮೇಲೆ ಸೂಪಾ ಅಣೆಕಟ್ಟೆಯಿಂದ ವಿದ್ಯುತ್ತಿಗಾಗಿ ನೀರು ಬಿಟ್ಟಾಗ, ಮಳೆಯಿಲ್ಲದ ದಿನವೂ ಹೊಳೆ ಏರುತ್ತದೆ. ಒಣಗಿದ ಬಂಡೆ ನಂಬಿ ಮಕ್ಕಳನ್ನು ನಡುಹೊಳೆಗೆ ಬಿಡಬೇಡಿ.

ಇನ್ನು ಸ್ಪೀಕರ್! ಮಂಗಟ್ಟೆ ಹಕ್ಕಿ ನೋಡಲು ಅಷ್ಟು ದೂರ ಹೋಗಿ ಡಿಜೆ ಹಾಡು ಹಚ್ಚುವವರನ್ನು ಕಂಡರೆ ನನಗಂತೂ ಸಿಟ್ಟು ಬರುತ್ತದೆ. ಖಾಲಿ ಬಾಟಲಿ, ಚಿಪ್ಸ್ ಪಾಕೀಟು ನಿಮ್ಮ ಜೊತೆಗೇ ಮರಳಿ ಬರಲಿ. ಕಸದ ಗಾಡಿ ಬರುವುದು ಊರಿಗೆ, ಕಾಡಿಗಲ್ಲ.