ಮಗುವಿನ ಬಣ್ಣ, ತಾಯಿಯ ರಕ್ತ

(ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಏರ್ಪಡಿಸಿದ್ದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಇಂದು ನಾನು ಮೈಬಣ್ಣವನ್ನು ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ವೈದ್ಯನಾದವನಿಗೆ ಬಣ್ಣದ ಮಾತೇಕೆ ಎಂದು ನೀವು ಕೇಳಬಹುದು. ಕಪ್ಪು ಬಣ್ಣವು ರೋಗವಲ್ಲ. ಆದರೆ ಅದನ್ನು ರೋಗವೆಂದು ಭಾವಿಸಿ ನಡೆಸುವ ಉಪಚಾರಗಳಿಂದ ನಿಜವಾದ ರೋಗಗಳು ಉಂಟಾಗುತ್ತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಳೆದ ವರ್ಷ ಎಂಟು ತಿಂಗಳು ತುಂಬಿದ ಗರ್ಭಿಣಿಯೊಬ್ಬಳನ್ನು ನಮ್ಮ ಕೇಂದ್ರಕ್ಕೆ ಕರೆತಂದರು. ನಾಲ್ಕು ಹೆಜ್ಜೆ ನಡೆದರೆ ಆಕೆಗೆ ಏದುಸಿರು ಬರುತ್ತಿತ್ತು, ಕಾಲುಗಳು ಊದಿದ್ದವು, ಕಣ್ಣಿನ ಕೆಳರೆಪ್ಪೆಯೊಳಗೆ ಕೆಂಪೇ ಇರಲಿಲ್ಲ. ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 6.2 ಗ್ರಾಂ ಮಾತ್ರ ಇದ್ದಿತು. ಗರ್ಭಿಣಿಯಲ್ಲಿ ಅದು 11 ಗ್ರಾಂಗಿಂತ ಕಡಿಮೆಯಾಗಬಾರದು. 7ಕ್ಕಿಂತ ಇಳಿದರೆ ತೀವ್ರ ರಕ್ತಹೀನತೆ ಎನ್ನುತ್ತೇವೆ. ಆಶಾ ಕಾರ್ಯಕರ್ತೆಯು ಪ್ರತಿ ತಿಂಗಳೂ ಕಬ್ಬಿಣಾಂಶದ ಮಾತ್ರೆಗಳನ್ನು ಮನೆಗೆ ತಲುಪಿಸಿದ್ದಳು. ಅವೆಲ್ಲವೂ ಗೋಡೆಯ ಗೂಡಿನಲ್ಲಿ ಹಾಗೆಯೇ ಉಳಿದಿದ್ದವು.

ಕಾರಣವನ್ನು ವಿಚಾರಿಸಿದಾಗ ಅತ್ತೆಯು, "ಆ ಗುಳಿಗೆ ನುಂಗಿದರೆ ಕೂಸು ಕರ್ರಗೆ ಹುಟ್ಟುತ್ತದಂತೆ ಡಾಕ್ಟ್ರೆ, ಅದಕ್ಕೇ ನಾನೇ ಬೇಡ ಅಂದೆ" ಎಂದಳು. ಮಾತ್ರೆಗೆ ಬದಲಾಗಿ ಗಂಡನು ಕೂಲಿಯ ಹಣದಲ್ಲಿ ಪಟ್ಟಣದಿಂದ ಕೇಸರಿ ತಂದುಕೊಟ್ಟಿದ್ದನು. ನಾನು ಕೋಪದಿಂದ ಗದರಿಸಿದೆನು. ಆಗ ಆ ತಾಯಿ ತಗ್ಗಿದ ದನಿಯಲ್ಲಿ, "ನನ್ನನ್ನು ಕಪ್ಪು ಅಂತ ಮೂರು ಮನೆಯವರು ಬೇಡ ಅಂದರು. ಹುಟ್ಟೋದು ಹೆಣ್ಣಾದರೆ ಅದಕ್ಕೂ ಹಾಗಾಗಬಾರದು ಅಂತ ಮಾಡಿದೆ" ಎಂದಳು. ನನ್ನ ಕೋಪ ಇಳಿಯಿತು. ಸೊಸೆಯನ್ನು ಕೂಡಲೆ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿ ರಕ್ತ ಕೊಡಿಸಲಾಯಿತು. ತಾಯಿ ಉಳಿದಳು, ಮಗು 2.1 ಕಿಲೋ ತೂಕದ್ದಾಗಿ ಹುಟ್ಟಿತು. 2.5 ಕಿಲೋಗಿಂತ ಕಡಿಮೆಯಾದುದನ್ನು ಕಡಿಮೆ ತೂಕದ ಮಗು ಎನ್ನುತ್ತೇವೆ.

ಈಗ ನಿಜಾಂಶವನ್ನು ತಿಳಿಯೋಣ. ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯವಿದೆ. ಇದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಕಪ್ಪಗಿರುವವರಲ್ಲಿಯೂ ಬೆಳ್ಳಗಿರುವವರಲ್ಲಿಯೂ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ವರ್ಣದ್ರವ್ಯದ ಪ್ರಮಾಣದಲ್ಲಿಯೂ ಬಗೆಯಲ್ಲಿಯೂ ಮಾತ್ರ ವ್ಯತ್ಯಾಸವಿದೆ. ಹೊಲದಲ್ಲಿ ದುಡಿಯುವವರನ್ನು ಬಿಸಿಲಿನ ಅತಿನೇರಳೆ ಕಿರಣಗಳಿಂದ ಕಾಪಾಡುವುದು ಇದೇ ಮೆಲನಿನ್. ಮಗುವಿನ ಸಹಜ ಬಣ್ಣವು ತಂದೆ ತಾಯಿ ಇಬ್ಬರಿಂದಲೂ ಬರುವ ಅನೇಕ ವಂಶವಾಹಿಗಳಿಂದ, ಗರ್ಭ ನಿಂತ ಗಳಿಗೆಯಲ್ಲಿಯೇ, ನಿಶ್ಚಯವಾಗುತ್ತದೆ. ಆ ಬಳಿಕ ಕೇಸರಿ ಕುಡಿದರೂ ಅದು ಬದಲಾಗದು. ಆದುದರಿಂದ ಮಗುವಿನ ಬಣ್ಣಕ್ಕಾಗಿ ಸೊಸೆಯೊಬ್ಬಳನ್ನೇ ದೂರುವುದು ಅನ್ಯಾಯ.

ಇನ್ನು ಕಬ್ಬಿಣಾಂಶದ ಮಾತ್ರೆ. ಅದರ ಕಬ್ಬಿಣವು ದೇಹವನ್ನು ಸೇರಿ ರಕ್ತದ ಕೆಂಪು ಹಿಮೋಗ್ಲೋಬಿನ್ ಆಗುತ್ತದೆ. ಮಗುವಿನ ಚರ್ಮದ ಬಣ್ಣಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ದೇಹವು ಹೀರಿಕೊಳ್ಳದೆ ಉಳಿದ ಕಬ್ಬಿಣವು ಹೊರಹೋಗುವಾಗ ಮಲವು ಕಪ್ಪಾಗುತ್ತದೆ. ಇದನ್ನು ಕಂಡೇ ಹಲವರು ಹೆದರುತ್ತಾರೆ. ಮಾತ್ರೆ ಕೊಡುವಾಗ ಈ ಮಾತನ್ನು ಮೊದಲೇ ಹೇಳದಿದ್ದುದು ನಮ್ಮ ತಪ್ಪು. ಇಂದು ಹೇಳುತ್ತಿದ್ದೇನೆ: ಇದರಿಂದ ಯಾವ ಹಾನಿಯೂ ಇಲ್ಲ.

ಮಾತ್ರೆ ಸೇವಿಸದಿದ್ದರೆ ಮಾತ್ರ ಹಾನಿಯುಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ ರಕ್ತಹೀನರು. ಇಂಥವರಲ್ಲಿ ದಿನ ತುಂಬುವ ಮುನ್ನವೇ ಹೆರಿಗೆಯಾಗುವ ಸಂಭವ ಹೆಚ್ಚು. ತೀವ್ರ ರಕ್ತಹೀನತೆಯುಳ್ಳವರಿಗೆ ಹೆರಿಗೆಯಲ್ಲಿ ಇತರರು ತಾಳಿಕೊಳ್ಳುವಷ್ಟು ರಕ್ತ ಹೋದರೂ ಪ್ರಾಣಾಪಾಯ. ಆದಕಾರಣ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರವೂ 180 ದಿನ, ಮಾತ್ರೆಯನ್ನು ಸೇವಿಸತಕ್ಕದ್ದು. ಊಟವಾದ ಮೇಲೆ ನಿಂಬೆಹಣ್ಣಿನ ಪಾನಕದೊಡನೆ ತೆಗೆದುಕೊಂಡರೆ ಒಳ್ಳೆಯದು. ಚಹಾ, ಕಾಫಿ, ಹಾಲು ಮತ್ತು ಸುಣ್ಣಾಂಶದ ಮಾತ್ರೆಗಳೊಡನೆ ಸೇವಿಸಬಾರದು. ಹೊಟ್ಟೆ ತೊಳಸಿದರೆ ಅಥವಾ ಮಲಬದ್ಧತೆಯಾದರೆ ನಮ್ಮನ್ನು ಕೇಳಿರಿ, ನೀವಾಗಿಯೇ ನಿಲ್ಲಿಸಬೇಡಿರಿ. ಮಾತ್ರೆಯು ಉಚಿತ. ಕೇಸರಿಯ ಹಣದಲ್ಲಿ ಹುರುಳಿ, ಸೊಪ್ಪು, ಮೊಟ್ಟೆಗಳನ್ನು ತಂದರೆ ಮನೆಮಂದಿಯೆಲ್ಲ ಉಣ್ಣಬಹುದು.

ಮುಖಕ್ಕೆ ಹಚ್ಚುವ ಮುಲಾಮುಗಳ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಬೆಳ್ಳಗಾಗಿಸುವುದೆಂದು ಅಂಗಡಿಯವರು ಕೊಡುವ ಕೆಲವು ಕೊಳವೆಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಮುಖ ತಿಳಿಯಾದಂತೆ ಕಂಡರೂ ಕ್ರಮೇಣ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆ ಮತ್ತು ಕೂದಲು ಬೆಳೆಯುತ್ತವೆ. ಬಿಟ್ಟರೆ ಉರಿ ಹೆಚ್ಚುತ್ತದೆ. ಇಂಥ ಮುಲಾಮುಗಳನ್ನು ಹಲವು ತಿಂಗಳಿನಿಂದ ಹಚ್ಚುತ್ತಿರುವವರು ನಮಗೆ ತೋರಿಸಿ, ನಾವು ಹೇಳಿದಂತೆ ನಿಲ್ಲಿಸುವುದು ಲೇಸು. ಇನ್ನು ಕೆಲವು ಮುಲಾಮುಗಳಲ್ಲಿ ಪಾದರಸವಿರುತ್ತದೆ. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ. ಗರ್ಭದ ಶಿಶುವನ್ನೂ ಮುಟ್ಟುತ್ತದೆ. ಕೇರಳದ ಕೊಟ್ಟಕ್ಕಲ್‌ನ ವೈದ್ಯರು 2021ರಿಂದ 2023ರವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯಿದ್ದ 15 ರೋಗಿಗಳನ್ನು ವಿಚಾರಿಸಿದಾಗ, ಅವರಲ್ಲಿ 13 ಮಂದಿ ಬೆಳ್ಳಗಾಗಲು ಮುಲಾಮು ಹಚ್ಚಿದವರೇ ಆಗಿದ್ದರು. ತಯಾರಕರ ಹೆಸರು, ವಿಳಾಸ ಮತ್ತು ಒಳಗಿರುವ ವಸ್ತುಗಳ ವಿವರವಿಲ್ಲದ ಮುಲಾಮನ್ನು ಕೊಳ್ಳಲೇಬಾರದು. ಮೈಬಣ್ಣ ಬದಲಾಯಿಸುವೆವೆಂಬ ಔಷಧಿ ಜಾಹೀರಾತುಗಳನ್ನು ನಂಬಬೇಡಿರಿ.

ಬಂಧುಗಳೆ, ಶ್ರೀರಾಮನೂ ಶ್ರೀಕೃಷ್ಣನೂ ಶ್ಯಾಮಲವರ್ಣದವರೆಂದು ಕೈಮುಗಿಯುವ ನಾವು, ದ್ರೌಪದಿಯನ್ನು ಕೃಷ್ಣೆಯೆಂದು ಕರೆದ ನಾವು, ಹೆಣ್ಣು ನೋಡಲು ಹೋದಾಗ ಮಾತ್ರ ಬಣ್ಣ ಕಡಿಮೆಯೆಂದು ಎದ್ದು ಬರುತ್ತೇವೆ. ಇಲ್ಲವೆ ಬಣ್ಣದ ಕೊರತೆಗೆಂದು ಹೆಚ್ಚು ವರದಕ್ಷಿಣೆ ಕೇಳುತ್ತೇವೆ. ವರದಕ್ಷಿಣೆಯು 1961ರ ಕಾಯಿದೆಯಂತೆ ಅಪರಾಧ. ಎರೆಭೂಮಿ ಕಪ್ಪೆಂದು ಯಾವ ರೈತನೂ ಅದಕ್ಕೆ ಸುಣ್ಣ ಬಳಿಯುವುದಿಲ್ಲ. ಅದರ ಬೆಳೆಯನ್ನು ನೋಡುತ್ತಾನೆ.

ಗಂಡಂದಿರಲ್ಲಿ ನನ್ನದೊಂದು ವಿನಂತಿ. ಇಂದು ಮನೆಗೆ ಹೋದ ಕೂಡಲೆ ನಿಮ್ಮ ಮನೆಯ ಗೂಡನ್ನೊಮ್ಮೆ ನೋಡಿರಿ. ಮಾತ್ರೆಗಳು ಉಳಿದಿದ್ದರೆ ರಾತ್ರಿ ಊಟದ ನಂತರ ನೀವೇ ನೀರು ತಂದು ಕೊಡಿರಿ. ಹೆತ್ತವರಿಗೆ ಹೆಗ್ಗಣವೂ ಮುದ್ದು ಎಂಬ ಗಾದೆ ನಮ್ಮಲ್ಲಿದೆ. ತಾಯಿ ಕಾರ್ಡಿನಲ್ಲಿ ತೂಕ, ರಕ್ತದ ಒತ್ತಡ, ಹಿಮೋಗ್ಲೋಬಿನ್‌ಗಳನ್ನು ಬರೆಯಲು ಸ್ಥಳವಿದೆ. ಬಣ್ಣವನ್ನು ಬರೆಯಲು ಸ್ಥಳವಿಲ್ಲ. ಆ ಅತ್ತೆ ಈಗ ತನ್ನ ಮೊಮ್ಮಗಳನ್ನು ಎತ್ತಿಕೊಂಡು ಚುಚ್ಚುಮದ್ದಿಗೆ ತಪ್ಪದೆ ಬರುತ್ತಾಳೆ. ಮಗು ಅಜ್ಜಿಯ ಬಣ್ಣವನ್ನೇ ಪಡೆದಿದೆ. ತೂಕವೂ ಚೆನ್ನಾಗಿ ಏರುತ್ತಿದೆ.