ಶಾಸ್ತ್ರದಾನ, ಕಲಾಪೋಷಣೆ ಮತ್ತು ಸಮಾಜದ ಸ್ಥೈರ್ಯ

(ಪಂಚಕಲ್ಯಾಣ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳು ಶ್ರಾವಕನಿಗೆ ವಿಹಿತವಾದವು. ಮೊದಲ ಮೂರರ ಫಲ ಕಣ್ಣೆದುರಿಗೇ ಕಾಣುತ್ತದೆ. ಹಸಿದವನು ಉಣ್ಣುತ್ತಾನೆ, ರೋಗಿಯು ಗುಣಹೊಂದುತ್ತಾನೆ, ಭೀತನು ನಿರ್ಭೀತನಾಗುತ್ತಾನೆ. ನಾಲ್ಕನೆಯದರ ಫಲ ಮಾತ್ರ ತಲೆಮಾರುಗಳು ಕಳೆದ ಮೇಲೆ ತೋರುವಂಥದು. ಆದುದರಿಂದಲೇ ಅದು ಹೆಚ್ಚಾಗಿ ಮರೆತುಹೋಗುತ್ತದೆ. ಪ್ರತಿಷ್ಠಾಮಹೋತ್ಸವಕ್ಕೆ ಜನ ಉದಾರವಾಗಿ ಕೊಡುತ್ತಾರೆ. ಕಲಶದ ಸವಾಲಿನಲ್ಲಿ ಒಬ್ಬರಿಗಿಂತ ಒಬ್ಬರು ಮುಂದಾಗುತ್ತಾರೆ. ಆದರೆ ಚಪ್ಪರ ಬಿಚ್ಚಿದ ಮರುದಿನ ಬಸದಿಯಲ್ಲಿ ಓದುವ ಧ್ವನಿ ಕೇಳಿಸುವುದೇ, ಹಾಡುವ ಕಂಠ ಉಳಿದಿರುವುದೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ.

ಈ ಪ್ರಶ್ನೆಗೆ ಕನ್ನಡನಾಡಿನ ಒಬ್ಬ ಶ್ರಾವಿಕೆ ಸಾವಿರ ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದ್ದಾಳೆ. ಅವಳೇ ದಾನಚಿಂತಾಮಣಿ ಅತ್ತಿಮಬ್ಬೆ. ಹತ್ತನೆಯ ಶತಮಾನದಲ್ಲಿ ಮಲ್ಲಪ, ಪುನ್ನಮಯ್ಯ ಎಂಬ ಸೋದರರು ಪೊನ್ನಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದರು. ಆ ಮಲ್ಲಪನ ಮಗಳೇ ಅತ್ತಿಮಬ್ಬೆ. ಪತಿ ನಾಗದೇವನು ರಣರಂಗದಲ್ಲಿ ಮಡಿದ ಮೇಲೆ ಅವಳು ವ್ರತನಿಯಮಗಳಲ್ಲಿ ಬಾಳನ್ನು ಸವೆಸಿದಳು. ಸಾವಿರದ ಐದುನೂರು ಜಿನಪ್ರತಿಮೆಗಳನ್ನು ಮಾಡಿಸಿದಳೆಂದು ಅವಳ ಕೀರ್ತಿ. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಅದರ ಶಾಸನದ ಕಾಲ ಕ್ರಿ.ಶ. 1007. ಇಷ್ಟನ್ನೆಲ್ಲ ಮಾಡಿದವಳು ಅಷ್ಟಕ್ಕೇ ತೃಪ್ತಳಾಗದೆ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು.

ಸಾವಿರ ಪ್ರತಿ ಎಂಬುದನ್ನು ವ್ಯಾಪಾರಿಯ ಲೆಕ್ಕದಲ್ಲಿಯೇ ನೋಡಬೇಕು. ಅಂದು ಮುದ್ರಣಾಲಯವಿರಲಿಲ್ಲ. ತಾಳೆಯ ಗರಿಯನ್ನು ತರಬೇಕು, ಹದಮಾಡಬೇಕು, ಒಂದೇ ಅಳತೆಗೆ ಕತ್ತರಿಸಬೇಕು. ಬಲ್ಲವನು ಲೋಹದ ಕಂಟದಿಂದ ಅಕ್ಷರ ಅಕ್ಷರವಾಗಿ ಕೊರೆಯಬೇಕು, ಮಸಿ ತೀಡಬೇಕು, ಮರದ ಹಲಗೆಗಳ ನಡುವೆ ಕಟ್ಟಬೇಕು. ಒಂದು ಗ್ರಂಥಕ್ಕೇ ಇಷ್ಟು ಕೆಲಸವಾದರೆ ಸಾವಿರಕ್ಕೆ ಎಷ್ಟು ಕೈಗಳು ದುಡಿದಿರಬೇಕು! ಗರಿ ತಂದವನೂ ಬರೆದ ಲಿಪಿಕಾರನೂ ಆ ದಾನದಿಂದ ಅನ್ನವುಂಡರು, ಓದಿದವನು ಜ್ಞಾನವುಂಡನು. ಅತ್ತಿಮಬ್ಬೆ ಕೊಟ್ಟುದು ಪುಸ್ತಕವನ್ನು ಮಾತ್ರವಲ್ಲ, ಒಂದು ವಿದ್ಯೆಗೆ ಜೀವನೋಪಾಯವನ್ನು.

ಅವಳ ಆಶ್ರಯ ಪಡೆದು 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನು ಮುಧೋಳದ ಬಳೆಗಾರರ ಮನೆಯವನು. ಬಳೆಯ ಮಲಾರ ಹೊತ್ತು ತಿರುಗುವ ಕುಲದ ಹುಡುಗನಿಗೆ ವಿದ್ಯೆಯ ಹಂಬಲವಿತ್ತು. ಚಾವುಂಡರಾಯನೂ ಅತ್ತಿಮಬ್ಬೆಯೂ ಆಸರೆಯಾದರು. ಆ ಆಸರೆ ದೊರೆಯದಿದ್ದರೆ ಕನ್ನಡಕ್ಕೆ ಒಬ್ಬ ಬಳೆಗಾರ ಹೆಚ್ಚುತ್ತಿದ್ದ, ಒಬ್ಬ ಮಹಾಕವಿ ಕಡಿಮೆಯಾಗುತ್ತಿದ್ದ.

ಮೂಡಬಿದಿರೆಯ ಸಿದ್ಧಾಂತ ಬಸದಿಯ ಧವಲಾದಿ ಗ್ರಂಥಗಳ ವೃತ್ತಾಂತವೂ ಇದನ್ನೇ ಸಾರುತ್ತದೆ. ಪ್ರಾಕೃತದ ಆ ಆಗಮಗಳು ಉಳಿದು ಬಂದುದು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ದೇಮಿಯಕ್ಕನೆಂಬ ಶ್ರಾವಿಕೆ ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಗೆಂದು ಧವಲೆಯ ಪ್ರತಿಯನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಲ್ಲಿಕಬ್ಬೆಯು ಮಹಾಬಂಧವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಶತಮಾನಗಳು ಉರುಳಿ ಗರಿಗಳು ಶಿಥಿಲವಾಗತೊಡಗಿದಾಗ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡಿಸಲು ಮುಂದಾದವರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ್ರರೂ ಸೋಲಾಪುರದ ಸೇಠ್ ಹೀರಾಚಂದ ನೇಮಚಂದರೂ ಪ್ರಮುಖರು. ಅನಂತರ ಭೇಲಸಾದ ಶ್ರೀಮಂತ ಸೇಠ್ ಲಕ್ಷ್ಮೀಚಂದ್ರರ ನಿಧಿಯಿಂದ, ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾಯಿತು. ಹದಿನಾರು ಸಂಪುಟಗಳು ಮುಗಿಯಲು ಸುಮಾರು ಎರಡು ದಶಕಗಳು ಬೇಕಾದವು. ನೋಂಪಿ ನೋಂತ ಹೆಣ್ಣುಮಕ್ಕಳೂ ಅಂಗಡಿ ನಡೆಸಿದ ವರ್ತಕರೂ ಕೈಗೂಡಿಸಿದುದರಿಂದ ಒಂದು ಪರಂಪರೆ ಬದುಕಿತು.

ಇವರೆಲ್ಲ ಸಿರಿವಂತರು, ಸಾಮಾನ್ಯರಿಗೆ ಇದು ಸಾಧ್ಯವೇ ಎಂದು ಯಾರಾದರೂ ಕೇಳಿಯಾರು. ಅದಕ್ಕೆ ಉತ್ತರ ಈ ಸೀಮೆಯ ಕಲ್ಲಿನಲ್ಲಿಯೇ ಇದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರ ಕಣ್ಣಿಗೆ ಬಿದ್ದ ಮಸ್ಕಿಯ ಬಂಡೆಗಲ್ಲಿನ ಶಾಸನ ದೇವಾನಾಂಪ್ರಿಯನು ಅಶೋಕನೇ ಎಂಬುದನ್ನು ಲೋಕಕ್ಕೆ ತಿಳಿಸಿತು. ಎಲ್ಲರೂ ನೆನೆಯುವುದು ಆ ಹೆಸರನ್ನು. ಅದರಲ್ಲಿ ಹೇಳಿರುವ ಮಾತು ಇನ್ನೂ ದೊಡ್ಡದು: ಧರ್ಮದ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು, ಧರ್ಮನಿರತನಾದರೆ ಸಣ್ಣವನೂ ಅದನ್ನು ಪಡೆಯಬಲ್ಲನು ಎಂಬುದು ಅದರ ಆಶಯ. ಹತ್ತಿರದ ಕೊಪ್ಪಳವಾದರೋ ಜೈನರ ಮಹಾತೀರ್ಥ; ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆಂದು ಹೆಸರಿಸಿದ ಕೊಪಣನಗರವೇ ಅದು. ಧರ್ಮವೂ ಭಾಷೆಯೂ ಇಲ್ಲಿ ಒಂದೇ ನೆಲದಲ್ಲಿ ಬೆಳೆದವು.

ಆ ಭಾಷೆಗೆ ಕಷ್ಟಕಾಲವೂ ಬಂದುದುಂಟು. ರಾಯಚೂರು ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿದ್ದಾಗ ಕಚೇರಿಯ ಭಾಷೆ ಉರ್ದುವಾಗಿತ್ತು. ಆ ದಿನಗಳಲ್ಲಿಯೇ, 1934ರಲ್ಲಿ, ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನೆರವೇರಿತು. ಅರಮನೆಯ ಭಾಷೆಯಾಗಿರದಿದ್ದರೂ ಜನರ ಅಭಿಮಾನವಿದ್ದ ಕಡೆ ಭಾಷೆ ತಲೆಯೆತ್ತಿ ನಿಂತಿತು.

ಇಂದು ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿದೆ; ಜಾನಪದಕ್ಕೆ, ಬಯಲಾಟಕ್ಕೆ ಪ್ರತ್ಯೇಕ ಅಕಾಡೆಮಿಗಳಿವೆ. ಅವುಗಳ ನೆರವು ಸ್ವಾಗತಾರ್ಹ. ಆದರೆ ನೆರವು ಪಡೆಯಲು ಮೊದಲು ಮೇಳವೊಂದು ಊರಿನಲ್ಲಿ ಜೀವಂತವಾಗಿರಬೇಕು. ದೊಡ್ಡಾಟ ಕಲಿಸಲು ಮಾಸ್ತರರು ಬರಬೇಕು, ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಯಬೇಕು, ಅವರ ಊಟೋಪಚಾರವನ್ನು ಊರವರು ನೋಡಬೇಕು. ಭಜನೆಯ ಮನೆಗೆ ದೀಪದೆಣ್ಣೆ ಬೇಕು, ಹಾರ್ಮೋನಿಯಂ ದುರಸ್ತಿಯಾಗಬೇಕು. ಇಂಥ ಸಣ್ಣ ಖರ್ಚುಗಳನ್ನು ಹೊರುವವರಿಲ್ಲದೆ ಕಲೆಗಳು ನಿಲ್ಲುತ್ತವೆಯೇ ಹೊರತು ದೊಡ್ಡ ಅನುದಾನವಿಲ್ಲದೆ ಅಲ್ಲ.

ಬಸದಿಯ ಹಣ ಬಸದಿಗಷ್ಟೇ ಸಲ್ಲಬೇಕು, ಊರಿನ ಭಜನೆ, ಬಯಲಾಟ, ತತ್ತ್ವಪದಗಳಿಗೆ ಜೈನ ಸಮಾಜದ ಹಣವೇಕೆ ಎಂಬ ಆಕ್ಷೇಪವೂ ಕೇಳಿಬರುತ್ತದೆ. ಇದನ್ನು ತಳ್ಳಿಹಾಕುವಂತಿಲ್ಲ, ದೇವದ್ರವ್ಯ ಅನ್ಯಕಾರ್ಯಕ್ಕೆ ವಿನಿಯೋಗವಾಗಬಾರದೆಂಬ ಎಚ್ಚರ ಶ್ರಾವಕರಿಗೆ ಇರಲೇಬೇಕು. ಆದುದರಿಂದ ಇದಕ್ಕೆ ಪ್ರತ್ಯೇಕ ನಿಧಿಯೇ ಯೋಗ್ಯ. ಆದರೆ ಋಣದ ಮಾತು ಬೇರೆ. ಈ ಸೀಮೆಯ ಹಳ್ಳಿಗಳಲ್ಲಿ ಜೈನರ ಮನೆಗಳು ಕೆಲವೇ. ರಥದ ಮಿಣಿ ಹಿಡಿಯುವವರು, ಹಲಗೆ ಡೊಳ್ಳು ಬಾರಿಸುವವರು, ಕಲ್ಲು ಕಡೆಯುವವರು, ಚಪ್ಪರ ಹಾಕುವವರು, ಅತಿಥಿಗಳಿಗೆ ತಮ್ಮ ಮನೆ ಬಿಟ್ಟುಕೊಡುವವರು ಸಮಸ್ತ ಗ್ರಾಮಸ್ಥರು. 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠೆಗೊಂಡ ಮೂವತ್ತೊಂಬತ್ತು ಅಡಿಯ ಬಾಹುಬಲಿಯನ್ನು ಕಡೆದ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಹುಟ್ಟಿನಿಂದ ಜೈನರಲ್ಲ. ಆದರೂ ಆ ಮುಖದ ಶಾಂತಿಯನ್ನು ಶಿಲೆಯಲ್ಲಿ ಕಂಡವರು ಅವರೇ. ಜಿನಬಿಂಬ ಮೂಡುವುದು ಅನ್ಯರ ಕೈಯಲ್ಲಿ, ಉತ್ಸವ ನಡೆಯುವುದು ಅನ್ಯರ ಹೆಗಲ ಮೇಲೆ. ಹಾಗಿರುವಾಗ ಅವರ ಹಾಡು, ಅವರ ಆಟ ಸೊರಗಿದರೆ ಅದು ಜೈನರಿಗೆ ಸಂಬಂಧಿಸದ ಸಂಗತಿ ಎನ್ನುವುದು ಉಪಕಾರಸ್ಮರಣೆಯ ಮಾತಾಗಲಾರದು.

ಆದಕಾರಣ ಧರ್ಮಸಭೆಯ ಮುಂದೆ ಮೂರು ವಿಚಾರಗಳನ್ನು ಇಡಲಾಗಿದೆ.

ಮೊದಲನೆಯದು: ದೇವದ್ರವ್ಯವನ್ನು ಮುಟ್ಟದೆ, ಸವಾಲು ಹಿಡಿದ ಪ್ರತಿಯೊಬ್ಬರೂ ಸ್ವಇಚ್ಛೆಯಿಂದ ತಮ್ಮ ಶಕ್ತ್ಯನುಸಾರ ಬೇರೆಯಾಗಿ ಒಂದಂಶವನ್ನು ಶ್ರುತ ಮತ್ತು ಕಲಾ ನಿಧಿಗೆ ಕೊಡುವುದು. ಸವಾಲು ಹಿಡಿಯಲಾರದವರು ಹಿಡಿ ಜೋಳವನ್ನಾದರೂ ಕೊಡಲಿ. ಮಸ್ಕಿಯ ಕಲ್ಲು ಅವರನ್ನೂ ಗಣನೆಗೆ ತಂದುಕೊಂಡಿದೆ.

ಎರಡನೆಯದು: ಬಸದಿಯ ಪಕ್ಕದಲ್ಲಿ ಒಂದು ಕೋಣೆಯಾದರೂ ಗ್ರಂಥಾಲಯವಾಗಲಿ. ಅದರ ಬಾಗಿಲು ಊರಿನ ಎಲ್ಲ ಮಕ್ಕಳಿಗೂ ತೆರೆದಿರಲಿ. ಪಂಪ, ಪೊನ್ನ, ರನ್ನರು ಒಂದು ಮತದ ಸ್ವತ್ತಲ್ಲ. ಅಲ್ಲಿಯೇ ಸಂಜೆ ಮಕ್ಕಳಿಗೆ ಪೂಜೆಯ ಹಾಡುಗಳನ್ನೂ, ಊರಿನ ಹಿರಿಯ ಕಲಾವಿದರಿಂದ ಭಜನೆ, ದೊಡ್ಡಾಟಗಳನ್ನೂ ಕಲಿಸುವ ಏರ್ಪಾಡಾಗಲಿ. ಕಲಿಸಿದವರಿಗೆ ಗೌರವಧನ ತಪ್ಪದೆ ಸಲ್ಲಲಿ.

ಮೂರನೆಯದು: ಪ್ರತಿ ವರ್ಷ ಜ್ಯೇಷ್ಠ ಶುಕ್ಲ ಪಂಚಮಿಯಂದು, ಶ್ರುತಪಂಚಮಿಯ ದಿನ, ಗ್ರಂಥಗಳನ್ನು ಹೊರತೆಗೆದು ಧೂಳು ಒರೆಸಿ ಪೂಜಿಸುವುದರೊಡನೆ ಆ ನಿಧಿಯ ಜಮಾಖರ್ಚನ್ನು ಸಭೆಯಲ್ಲಿ ಓದಲಿ. ಲೆಕ್ಕ ಶುದ್ಧವಿದ್ದಲ್ಲಿ ದಾನ ತಾನಾಗಿ ಬರುತ್ತದೆ.

ಯಾರ ಮನೆಯಲ್ಲಿಯಾದರೂ ಅಟ್ಟದ ಮೇಲೆ ಹಳೆಯ ಓಲೆಗರಿಯ ಕಟ್ಟುಗಳಿದ್ದರೆ ಅವನ್ನು ಗೆದ್ದಲಿಗೆ ಬಿಡದೆ ಬಲ್ಲವರಿಗೆ ತೋರಿಸಲಿ. ಗೆದ್ದಲು ತಿಂದ ಗ್ರಂಥಕ್ಕೆ ಪುನಃಪ್ರತಿಷ್ಠೆಯಿಲ್ಲ.

ಕಲ್ಲಿನ ಬಸದಿಯನ್ನು ಹಣ ಕಟ್ಟುತ್ತದೆ. ಅದರೊಳಗೆ ಓದುವವರು, ಹಾಡುವವರು, ಹೊರಗೆ ಅದನ್ನು ತಮ್ಮದೆಂದು ಬಗೆಯುವ ಊರು ಇದ್ದರೆ ಮಾತ್ರ ಆ ಕಟ್ಟಡ ಕ್ಷೇತ್ರವಾಗುತ್ತದೆ. ಅತ್ತಿಮಬ್ಬೆ ಪ್ರತಿಮೆಯನ್ನೂ ಮಾಡಿಸಿದಳು, ಪುಸ್ತಕವನ್ನೂ ಹಂಚಿದಳು. ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ. ಅವಳ ದಾರಿ ಈ ಸಮಾಜದ ದಾರಿಯೂ ಆಗಲಿ.

ಸರ್ವರಿಗೂ ಮಂಗಳವಾಗಲಿ. ಜೈ ಜಿನೇಂದ್ರ.